ಕೈಗೆ ಕೆಲಸ, ಕಿವಿಗೆ ಬಿಡುವು



ನೀವು ಈಗ ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ ಎಂದು ನನಗೆ ಕಾಣುವುದಿಲ್ಲ. ಒಬ್ಬರು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿರಬಹುದು. ಇನ್ನೊಬ್ಬರು ನಾಳೆಯ ಅಂಗಿಗೆ ಇಸ್ತ್ರಿ ಹಾಕುತ್ತಿರಬಹುದು. ಮತ್ತೊಬ್ಬರು ಅಂಗಡಿಯ ಬಾಗಿಲು ಎಳೆಯುವ ಮೊದಲು ದಿನದ ಲೆಕ್ಕ ಬರೆಯುತ್ತಿರಬಹುದು. ದಯವಿಟ್ಟು ಕೆಲಸ ನಿಲ್ಲಿಸಬೇಡಿ. ನನ್ನ ಮಾತಿಗೆ ನಿಮ್ಮ ಕೈ ಬೇಡ. ಕಣ್ಣೂ ಬೇಡ. ಕಿವಿಯನ್ನು ಇತ್ತ ಕೊಟ್ಟರೆ ಸಾಕು.

ಇವತ್ತಿನ ಮಾತೂ ಆ ಕಿವಿಯದೇ. ನನಗೆ ಇಷ್ಟವಾದ ಕೆಲವು ಸುಖಗಳಿವೆ. ದಿನಬಳಕೆಯವು. ದುಡ್ಡು ಕೇಳದವು. ಎಲ್ಲವೂ ಕಿವಿಯ ದಾರಿಯಿಂದ ಬರುವವು. ನೆಂಟರ ಮನೆಗೆ ಹೋಗುವಾಗ ತೋಟದ ಒಂದು ಚಿಪ್ಪು ಬಾಳೆಹಣ್ಣು ಕೊಂಡೊಯ್ಯುತ್ತೇವಲ್ಲ, ಹಾಗೆ ಅವನ್ನು ನಿಮಗಾಗಿ ತಂದಿದ್ದೇನೆ.

ಕಿವಿಯೇ ಯಾಕೆ? ನೋಡುವ ಮನರಂಜನೆ ನಮ್ಮನ್ನು ಎದುರಿಗೇ ಕೂರಿಸಿಕೊಳ್ಳುತ್ತದೆ. ಕೇಳುವುದಕ್ಕೆ ಆ ಹಟವಿಲ್ಲ. ಇದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆ ಇದೆ. ಕಣ್ಣಿಗೆ ಎಲ್ಲವೂ ಸಿದ್ಧವಾಗಿ ಬರುತ್ತದೆ. ಕಿವಿಗೆ ಬರುವುದು ಅರ್ಧ. ಉಳಿದರ್ಧವನ್ನು ಕೇಳುವವರು ತುಂಬಬೇಕು. ಈಗ ನಾನು ‘ಹಳೆಯದೊಂದು ಹೆಂಚಿನ ಮನೆ’ ಎಂದೆ ಎನ್ನಿ. ಅಷ್ಟರಲ್ಲಿ ನಿಮ್ಮ ಮನಸ್ಸಿನಲ್ಲಿ ಒಂದು ಮನೆ ಎದ್ದಿತು. ಅದು ನನ್ನ ಮನೆಯಲ್ಲ, ನಿಮ್ಮದು. ಈ ತುಂಬುವ ಕೆಲಸದಲ್ಲಿರುವ ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನಗೆ ಅದು ಮೊದಲು ಸಿಕ್ಕಿದ್ದು ತಾಳಮದ್ದಳೆಯಲ್ಲಿ. ಅಲ್ಲಿಂದಲೇ ಶುರುಮಾಡುತ್ತೇನೆ.

ನಾನು ಬೆಳೆದದ್ದು ಪುತ್ತೂರಿನ ಕಡೆ, ಅಡಿಕೆ ತೋಟದ ಮನೆಯಲ್ಲಿ. ಚಳಿಗಾಲದಲ್ಲಿ ಕೊಯ್ದ ಅಡಿಕೆ ಬೇಸಿಗೆಯ ಬಿಸಿಲಿಗೆ ಅಂಗಳದಲ್ಲಿ ಒಣಗುತ್ತದೆ. ಮಳೆ ಹಿಡಿದ ಮೇಲೆ ಅದನ್ನು ಸುಲಿಯುವ ಕೆಲಸ. ಜುಲೈ ತಿಂಗಳ ಒಂದು ರಾತ್ರಿ ಎಂದುಕೊಳ್ಳಿ. ಹೊರಗೆ ಬಿಡದೆ ಹೊಯ್ಯುವ ಮಳೆ. ಜಗಲಿಯಲ್ಲಿ ಗೋಣಿ ಹಾಸಿ ಕುಳಿತ ಐದಾರು ಜನ. ನಡುವೆ ಅಡಿಕೆಯ ರಾಶಿ. ಸಿಪ್ಪೆ ಬಿಡುವ ಸದ್ದು, ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಸದ್ದು. ಕಿಟಕಿಯ ದಂಡೆಯ ಮೇಲೆ ರೇಡಿಯೊ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಅದರ ಅಲೆಗಳ ಮೇಲೆ ತಾಳಮದ್ದಳೆ ನಮ್ಮ ಜಗಲಿಗೆ ಬರುತ್ತಿತ್ತು.

ಬೀದರದಲ್ಲೋ ಕೋಲಾರದಲ್ಲೋ ಕುಳಿತು ಕೇಳುತ್ತಿರುವವರಿಗೆ ಇದು ಅಷ್ಟು ಪರಿಚಯವಿರಲಾರದು. ಯಕ್ಷಗಾನ ಗೊತ್ತಲ್ಲ? ಅದರಿಂದ ವೇಷ ತೆಗೆಯಿರಿ. ಕುಣಿತ ತೆಗೆಯಿರಿ. ಕಿರೀಟ, ಬಣ್ಣ, ರಂಗಸ್ಥಳ ಎಲ್ಲವನ್ನೂ ತೆಗೆಯಿರಿ. ಉಳಿಯುವುದು ಹಾಡು ಮತ್ತು ಮಾತು. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಜೊತೆಗೆ ಚೆಂಡೆ, ಮದ್ದಳೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದದ ಅರ್ಥವನ್ನು ಪಾತ್ರವಾಗಿ ಮಾತನಾಡುತ್ತಾರೆ. ಮೈಮೇಲೆ ಪಂಚೆ, ಹೆಗಲಿಗೊಂದು ಶಾಲು, ಅಷ್ಟೇ. ನಮ್ಮ ಕಡೆ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಗಾಲವಿಡೀ ಬಯಲಾಟವಿಲ್ಲ. ಆ ಹೊತ್ತು ತಾಳಮದ್ದಳೆಯ ಕೂಟಗಳದು.

ಇದರಲ್ಲೊಂದು ವಿಶೇಷವಿದೆ. ಪದ ಬರೆದಿಟ್ಟದ್ದು. ಮಾತು ಬರೆದಿಟ್ಟದ್ದಲ್ಲ. ಎದುರಾಳಿ ಏನು ಕೇಳುತ್ತಾನೆಂದು ಅರ್ಥಧಾರಿಗೆ ಮುಂಚಿತವಾಗಿ ಗೊತ್ತಿರುವುದಿಲ್ಲ. ಕೇಳಿದ್ದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಆ ಉತ್ತರ ಪಾತ್ರಕ್ಕೆ ತಕ್ಕದ್ದಾಗಿರಬೇಕು, ಪುರಾಣಕ್ಕೆ ಹೊಂದಬೇಕು, ಕನ್ನಡವೂ ಚೊಕ್ಕವಾಗಿರಬೇಕು. ಮನೆಯಲ್ಲಿ ತುಳು ಮಾತಾಡುವವರು, ಕೊಂಕಣಿ ಮಾತಾಡುವವರು, ಮಲಯಾಳದ ನೆರೆಯಲ್ಲಿ ಇರುವವರು ಅರ್ಥಕ್ಕೆ ಕುಳಿತರೆ ಗಂಟೆಗಟ್ಟಲೆ ಒಂದೂ ಇಂಗ್ಲಿಷ್ ಪದ ತಾಗದ ಕನ್ನಡ ಹರಿಯುತ್ತದೆ. ನನ್ನ ಮಟ್ಟಿಗೆ ಕನ್ನಡದ ಮೊದಲ ಶಾಲೆ ಅದೇ.

ಯಾವ ಪ್ರಸಂಗದಿಂದ ಶುರುಮಾಡಬೇಕು ಎಂದು ಕೇಳಿದರೆ ವಾಲಿವಧೆ ಎನ್ನುತ್ತೇನೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣದ ಪ್ರಸಂಗಗಳಿಂದ ಬಂದ ಕಥೆ. ಕಥೆ ನಿಮಗೆ ಗೊತ್ತಿರುವುದೇ. ವಾಲಿ, ಸುಗ್ರೀವ ಎಂಬ ಅಣ್ಣ ತಮ್ಮಂದಿರ ಜಗಳ. ರಾಮ ಮರದ ಮರೆಯಲ್ಲಿ ನಿಂತು ಬಾಣ ಬಿಡುತ್ತಾನೆ. ವಾಲಿ ನೆಲಕ್ಕೆ ಬೀಳುತ್ತಾನೆ. ಬಿದ್ದವನು ಪ್ರಶ್ನೆ ಕೇಳುತ್ತಾನೆ. ನನಗೂ ನಿನಗೂ ಏನು ಹಗೆ? ಎದುರಿಗೆ ಯಾಕೆ ಬರಲಿಲ್ಲ? ತಮ್ಮನ ಹೆಂಡತಿಯನ್ನು ನೀನು ಇಟ್ಟುಕೊಂಡೆ, ಅದು ಅಧರ್ಮ ಎಂದು ರಾಮ ಹೇಳುತ್ತಾನೆ. ನೀನು ಮೃಗ, ಮೃಗವನ್ನು ಮರೆಯಿಂದ ಬೇಟೆಯಾಡುವುದು ರಾಜರಿಗೆ ಸಲ್ಲುತ್ತದೆ ಎಂದೂ ಹೇಳುತ್ತಾನೆ. ವಾಲಿ ಹಿಡಿಯುವುದು ಅಲ್ಲಿ. ನಾನು ಮೃಗವಾದರೆ ಮನುಷ್ಯರ ಧರ್ಮ ನನಗೆ ಹೇಗೆ ತಗಲುತ್ತದೆ? ಆ ಧರ್ಮ ನನಗೂ ತಗಲುವುದಾದರೆ ನನ್ನನ್ನು ಮೃಗದಂತೆ ಹೊಡೆದದ್ದು ಹೇಗೆ ಸರಿ?

ಕೇಳುಗರೇ, ಈ ಎರಡು ಪ್ರಶ್ನೆಗಳ ನಡುವೆ ರಾತ್ರಿ ಸರಿದುಹೋಗುತ್ತದೆ. ವಾಲಿಯ ಅರ್ಥಕ್ಕೆ ಶೇಣಿ ಗೋಪಾಲಕೃಷ್ಣ ಭಟ್ಟರು ಹೆಸರಾದವರು. ಅವರದು ತರ್ಕ. ಎದುರಾಳಿಯ ಮಾತಿನೊಳಗೇ ಒಂದು ಎಳೆ ಹುಡುಕಿ, ಅದನ್ನೇ ಎಳೆದು, ಇಡೀ ವಾದವನ್ನು ಬಿಚ್ಚಿಬಿಡುತ್ತಿದ್ದರು. ಮಲ್ಪೆ ರಾಮದಾಸ ಸಾಮಗರದು ಧಾರೆ. ಒಂದು ಮಾತು ನೆಲ ಮುಟ್ಟುವ ಮೊದಲು ಮುಂದಿನ ಮೂರು ಮಾತು ಬಂದಿರುತ್ತಿದ್ದವು. ದೇರಾಜೆ ಸೀತಾರಾಮಯ್ಯನವರದು ಮಿತ. ಸಣ್ಣ ವಾಕ್ಯ, ಆಮೇಲೆ ಮೌನ. ಆ ಮೌನದಲ್ಲಿ ಕೇಳುವವರು ಯೋಚಿಸಬೇಕು. ಮೂವರೂ ಈಗಿಲ್ಲ. ಧ್ವನಿಮುದ್ರಿಕೆಗಳು ಉಳಿದಿವೆ. ಕ್ಯಾಸೆಟ್ಟಿನಿಂದ ಮೊಬೈಲಿಗೆ ಬಂದಿವೆ. ಒಂದು ಭಾನುವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು ಕೇಳಿ. ಆದರೆ ಒಂದು ವಿನಂತಿ. ಐದು ನಿಮಿಷದ ತುಂಡುಗಳಲ್ಲಿ ಕೇಳಬೇಡಿ. ತುಂಡಿನಲ್ಲಿ ಸಿಗುವುದು ಚಪ್ಪಾಳೆ ಬಿದ್ದ ಮಾತು ಮಾತ್ರ. ಆ ಮಾತಿಗೆ ಎದುರಾಳಿ ಹೇಗೆ ದಾರಿ ಮಾಡಿಕೊಟ್ಟ ಎಂಬುದು ಅದಕ್ಕೂ ಅರ್ಧ ಗಂಟೆ ಹಿಂದೆ ಇರುತ್ತದೆ. ಪೂರ್ತಿ ಕೇಳಿದವರಿಗೆ ಮಾತ್ರ ಅದು ಸಿಗುತ್ತದೆ.

ಇನ್ನೊಂದು ಗಮನಿಸಿ. ಪದ ಮುಗಿಯುವಾಗ ಮದ್ದಳೆ ಒಂದು ಮುಕ್ತಾಯ ಕೊಡುತ್ತದೆ. ಅದಾದ ಮೇಲೆ ಅರ್ಥಧಾರಿ ಬಾಯಿ ತೆರೆಯುವ ಮೊದಲು ಒಂದು ಗಳಿಗೆ ಸದ್ದಿಲ್ಲ. ನಮ್ಮ ಜಗಲಿಯಲ್ಲಿ ಆ ಗಳಿಗೆಯಲ್ಲಿ ಅಡಿಕೆ ಸುಲಿಯುವ ಕೈಗಳೆಲ್ಲ ತಾವಾಗಿಯೇ ನಿಲ್ಲುತ್ತಿದ್ದವು. ಮಳೆಯೊಂದೇ ಕೇಳುತ್ತಿತ್ತು.

ಅಜ್ಜಿ ಯಾವಾಗಲೂ ತಾರೆಯ ಪಕ್ಷ. ತಾರೆ ವಾಲಿಯ ಹೆಂಡತಿ. ಸುಗ್ರೀವ ಎರಡನೆಯ ಸಲ ಬಂದು ಕೂಗಿದಾಗ ಹೋಗಬೇಡಿ ಎಂದು ಗಂಡನಿಗೆ ಹೇಳಿದವಳು. ಸೋತು ಓಡಿದವನು ಇಷ್ಟು ಬೇಗ ತಿರುಗಿ ಬಂದಿದ್ದಾನೆಂದರೆ ಅವನ ಹಿಂದೆ ಯಾರೋ ಇದ್ದಾರೆ ಎಂದು ಕಂಡುಕೊಂಡವಳು. ವಾಲಿಯ ವಾದ ಬಿಸಿಯೇರಿ, ನಾವೆಲ್ಲ ವಾಲಿಯ ಕಡೆಗೆ ವಾಲಿದಾಗ ಅಜ್ಜಿ ಹೇಳುತ್ತಿದ್ದರು: “ಇವ ಹೇಳುವುದೆಲ್ಲ ಸರಿಯೇ. ಆದರೆ ತಾರೆ ಹೇಳಿದಾಗ ಕೇಳಬೇಕಿತ್ತು.” ಶೇಣಿಯವರ ವಾಲಿಗೂ ಇದೇ ತೀರ್ಪು. ಬೇರೆ ಯಾರ ವಾಲಿಗೂ ಇದೇ ತೀರ್ಪು. ಅಜ್ಜಿಯ ಮನಸ್ಸಿನಲ್ಲಿ ತಾರೆ ಹೇಗಿದ್ದಳೆಂದು ನಾನು ಕೇಳಲಿಲ್ಲ. ನನ್ನ ತಾರೆ ಮಾತ್ರ ಅಜ್ಜಿಯ ಹಾಗೆಯೇ ಇದ್ದಳು. ಕೈಯಲ್ಲಿ ಅಡಿಕೆ, ಕಿವಿಯಲ್ಲಿ ಬೆಂಡೋಲೆ.

ಇಲ್ಲಿಯವರೆಗೆ ತಾಳಮದ್ದಳೆಯ ಮಾತಾಯಿತು. ಅಲ್ಲಿ ಹಾಡು ಸ್ವಲ್ಪ, ಮಾತು ಹೆಚ್ಚು. ನನ್ನ ಎರಡನೆಯ ಸುಖದಲ್ಲಿ ಹಾಡೂ ಮಾತೂ ಸಮ ಸಮ. ಅದು ಗಮಕ, ಕಾವ್ಯವನ್ನು ರಾಗದಲ್ಲಿ ಓದುವ ಕಲೆ.

ಕುಮಾರವ್ಯಾಸನ ಭಾರತವನ್ನು ನಿಮ್ಮಲ್ಲಿ ಅನೇಕರು ಶಾಲೆಯಲ್ಲಿ ಓದಿದ್ದೀರಿ. ಆರು ಸಾಲಿನ ಭಾಮಿನಿ ಷಟ್ಪದಿ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು, ಹೀಗೆ ಅದರ ನಡಿಗೆ. ಪರೀಕ್ಷೆಗೆ ಗಣ ವಿಭಾಗ ಮಾಡಿದ್ದೂ ನೆನಪಿರಬಹುದು. ಆಗ ಅದು ಕಷ್ಟ ಎನಿಸಿದ್ದರೆ ತಪ್ಪು ನಿಮ್ಮದಲ್ಲ. ಪದಗಳು ಒಂದಕ್ಕೊಂದು ಸಂಧಿಯಾಗಿ, ಸಾಲಿನಿಂದ ಸಾಲಿಗೆ ಮುರಿದು ಬರುತ್ತವೆ. ಎಲ್ಲಿ ಬಿಡಿಸಬೇಕೆಂದು ಕಣ್ಣಿಗೆ ಹೊಳೆಯುವುದಿಲ್ಲ. ಗಮಕಿ ಅದನ್ನು ಬಿಡಿಸಿ ಕೊಡುತ್ತಾರೆ. ಉಸಿರು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸುತ್ತಾರೆ. ಕಣ್ಣಿಗೆ ಗೋಡೆಯಾಗಿದ್ದದ್ದು ಕಿವಿಗೆ ಬಾಗಿಲಾಗುತ್ತದೆ.

ಗಮಕದಲ್ಲಿ ರಾಗವಿದೆ. ಆದರೆ ರಾಗ ಅಲ್ಲಿ ಕಾವ್ಯದ ಕೈಯಾಳು. ತಾಳದ ಕಟ್ಟಿಲ್ಲ. ಸ್ವರಗಳ ಕಸರತ್ತಿಗೆ ಎಡೆಯಿಲ್ಲ. ದ್ರೌಪದಿಯ ಅಳಲಿಗೆ ಒಂದು ರಾಗ, ಭೀಮನ ಸಿಟ್ಟಿಗೆ ಇನ್ನೊಂದು. ಒಬ್ಬರು ವಾಚನ ಮಾಡುತ್ತಾರೆ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಶಿವಮೊಗ್ಗದ ಹತ್ತಿರ ತುಂಗೆಯ ದಡದಲ್ಲಿ ಮತ್ತೂರು, ಹೊಸಹಳ್ಳಿ ಎಂಬ ಅವಳಿ ಊರುಗಳಿವೆ. ಗಮಕ ಅಲ್ಲಿ ಮನೆಮಾತಿನಷ್ಟು ಬಳಕೆಯದು. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸದ್ದುಗದ್ದಲವಿಲ್ಲದೆ ಕಾವ್ಯವನ್ನು ಜನರ ಕಿವಿಗೆ ತಲುಪಿಸುವ ಕೆಲಸಕ್ಕೆ ಸಂದ ಗೌರವ ಅದು.

ಗಮಕ ಕೇಳುವಾಗ ಮೊದಲ ಸಲ ಪುಸ್ತಕ ಮುಚ್ಚಿಡಿ. ಅರ್ಥವಾಗದ ಪದ ಬಂದರೆ ಬರಲಿ. ಕೇಳಿ ಮುಗಿದ ಮೇಲೆ ಪುಸ್ತಕ ತೆರೆಯಿರಿ. ಅದೇ ಪದ್ಯ ಈಗ ನಿಮ್ಮನ್ನು ಮಾತಾಡಿಸುವಂತೆ ಕಾಣುತ್ತದೆ, ಏಕೆಂದರೆ ಅದರೊಳಗೆ ಒಂದು ಧ್ವನಿ ಬಂದು ಕುಳಿತಿರುತ್ತದೆ.

ತಾಳಮದ್ದಳೆ ಹೇಳಿದೆ, ಗಮಕ ಹೇಳಿದೆ. ಮಾತು ಕಡಿಮೆಯಾಗುತ್ತಾ ಬಂತು, ಗಮನಿಸಿದಿರಾ? ಈಗ ಇನ್ನೊಂದು ಮೆಟ್ಟಿಲು ಮುಂದೆ ಹೋಗೋಣ. ಧಾರವಾಡಕ್ಕೆ.

ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರು ಹುಟ್ಟಿದ್ದು 1910ರ ಕೊನೆಯ ದಿನ, ಧಾರವಾಡದ ಪಕ್ಕದ ಮನಸೂರಿನಲ್ಲಿ. ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡಿದರು. ಮಿರಜಿನಲ್ಲಿ ನೀಲಕಂಠ ಬುವಾ ಅವರ ಹತ್ತಿರ ಕಲಿತರು. ಆಮೇಲೆ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಹತ್ತಿರ, ಅವರು ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿ ಖಾನರ ಹತ್ತಿರ ಕಲಿಕೆ ಮುಂದುವರಿಯಿತು. 1992ರಲ್ಲಿ ಮನಸೂರರು ತೀರಿಕೊಂಡರು. ಧಾರವಾಡದ ಆಕಾಶವಾಣಿಯಲ್ಲೂ ಅವರು ಕೆಲಸ ಮಾಡಿದ್ದರು. ಆತ್ಮಕಥೆಗೆ ಅವರಿಟ್ಟ ಹೆಸರು ‘ನನ್ನ ರಸಯಾತ್ರೆ’. ಬಾಳನ್ನು ಪ್ರಯಾಣ ಎನ್ನುವವರು ಬಹಳ ಜನ. ರಸದ ಪ್ರಯಾಣ ಎನ್ನಬೇಕಾದರೆ ಹಾಗೆ ಹಾಡಿರಬೇಕು.

ಹಿಂದುಸ್ತಾನಿ ಸಂಗೀತ ತಮಗೆ ತಿಳಿಯುವುದಿಲ್ಲ ಎಂದು ಬಹಳ ಜನ ದೂರ ನಿಲ್ಲುತ್ತಾರೆ. ಅಂಥವರಿಗೆ ನನ್ನ ಸಲಹೆ ಇದು. ಮನಸೂರರ ವಚನಗಾಯನದಿಂದ ಒಳಗೆ ಬನ್ನಿ. ಅಕ್ಕಮಹಾದೇವಿಯ ವಚನ, ಬಸವಣ್ಣನ ವಚನ. ಮಾತು ನಮ್ಮದೇ, ಕನ್ನಡದ್ದು. ಆ ಮಾತಿನ ಕೈ ಹಿಡಿದುಕೊಂಡು ಸ್ವರದೊಳಗೆ ಇಳಿಯಬಹುದು. ಒಂದೇ ಪದವನ್ನು ಅವರು ಮೂರು ಸಲ ಹಾಡುತ್ತಾರೆ. ಮೂರನೆಯ ಸಲಕ್ಕೆ ಆ ಪದ ನಿಮಗೆ ಗೊತ್ತಿದ್ದ ಪದವಾಗಿ ಉಳಿದಿರುವುದಿಲ್ಲ.

ಹತ್ತಾರು ಸಲ ವಚನ ಕೇಳಿದ ಮೇಲೆ ಒಂದು ಬೆಳಗ್ಗೆ ಅವರ ಶಿವಮತ ಭೈರವ ರಾಗ ಹಾಕಿ. ಮಾತನ್ನು ಬಿಟ್ಟುಬಿಡಿ. ತಬಲಾದ ಮೇಲೆ ಗಮನವಿಡಿ. ತೀನ್‌ತಾಲದಲ್ಲಿ 16 ಮಾತ್ರೆ. ಅವು ಒಂದು ಸುತ್ತು ಬಂದು ಮತ್ತೆ ಮೊದಲನೆಯದಕ್ಕೆ ಸೇರುವ ಜಾಗಕ್ಕೆ ಸಮ್ ಎನ್ನುತ್ತಾರೆ. ಮನಸೂರರು ಸ್ವರದ ಮೇಲೆ ಸ್ವರ ಹೆಣೆಯುತ್ತಾ, ಉಸಿರು ಮುಗಿಯಿತು ಎನ್ನುವಲ್ಲಿ ಇನ್ನೊಂದು ತಿರುವು ತೆಗೆದು, ಇನ್ನು ಸಿಕ್ಕುವುದಿಲ್ಲ ಎಂದು ನಾವು ಅಂದುಕೊಂಡ ಹೊತ್ತಿಗೆ ಸರಿಯಾಗಿ ಸಮ್‌ಗೆ ಬಂದು ಇಳಿಯುತ್ತಾರೆ. ಆ ಇಳಿಯುವಿಕೆಯನ್ನು ಒಮ್ಮೆ ನೀವಾಗಿಯೇ ಗುರುತಿಸಿದರೆ ಸಾಕು, ಸಂಗೀತ ತಿಳಿಯುವುದಿಲ್ಲ ಎಂಬ ಮಾತು ಆಮೇಲೆ ನಿಮ್ಮ ಬಾಯಲ್ಲಿ ಬರುವುದಿಲ್ಲ. ನನಗೆ ಮೊದಲು ಅದು ಸಿಕ್ಕಿದಾಗ ಒಲೆಯ ಮೇಲೆ ಹಾಲಿತ್ತು. ಉಕ್ಕಿ ಹೋಯಿತು. ಆ ಬೆಳಗಿನ ಮೇಲೆ ನನಗೆ ಇವತ್ತಿಗೂ ಪ್ರೀತಿ.

ಅರ್ಥದ ಮಾತಿನಿಂದ ಹೊರಟು, ಕಾವ್ಯದ ಓದನ್ನು ದಾಟಿ, ಮಾತೇ ಬೇಡವಾದ ರಾಗದವರೆಗೆ ಬಂದೆವು. ಇನ್ನು ಉಳಿದದ್ದು ಯಾರೂ ನಮಗಾಗಿ ಮಾಡದ ಸದ್ದುಗಳು.

ಮಡಿವಾಳ ಹಕ್ಕಿಯನ್ನು ನೀವು ಕೇಳಿಯೇ ಇರುತ್ತೀರಿ, ಹೆಸರು ಗೊತ್ತಿಲ್ಲದಿದ್ದರೂ. ಕಪ್ಪು ಬಿಳುಪಿನ ಸಣ್ಣ ಹಕ್ಕಿ. ಬಾಲವನ್ನು ಆಗಾಗ ಮೇಲಕ್ಕೆ ನಿಮಿರಿಸುತ್ತದೆ. ಮಾರ್ಚಿನಿಂದ ಜೂನ್‌ವರೆಗೆ ಅದರ ಹಾಡಿನ ಕಾಲ. ಬೆಳಕು ಹರಿಯುವ ಮೊದಲೇ ಗಂಡು ಹಕ್ಕಿ ಎತ್ತರದ ಜಾಗ ಹಿಡಿಯುತ್ತದೆ. ಮರದ ತುದಿ ಆಗಬಹುದು, ಊರಿನಲ್ಲಾದರೆ ಟಿವಿ ಕಂಬ, ನೀರಿನ ಟ್ಯಾಂಕು ಆಗಬಹುದು. ಅಲ್ಲಿ ಕುಳಿತು ಸಿಳ್ಳೆಯಂಥ ಸ್ವರಗಳನ್ನು ಒಂದಾದ ಮೇಲೊಂದು ಬಿಡುತ್ತದೆ. ಬೇರೆ ಹಕ್ಕಿಗಳ ಕೂಗನ್ನೂ ನಡುವೆ ಸೇರಿಸಿಕೊಳ್ಳುತ್ತದೆ. ಬೆಂಗಳೂರಿನ ನಡುವೆ, ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತು ನಾನು ಇದನ್ನು ಕೇಳಿದ್ದೇನೆ. ಬೆಳಗಿನ ಐದೂವರೆ ಅದಕ್ಕೆ ಒಳ್ಳೆಯ ಹೊತ್ತು. ಆರೂವರೆಗೆ ಬಸ್ಸುಗಳು ಬಂದುಬಿಡುತ್ತವೆ.

ಹಾಗೆಯೇ ಅಡುಗೆಮನೆ. ಕಾಫಿ ಫಿಲ್ಟರಿಗೆ ಬಿಸಿನೀರು ಹೊಯ್ದು ಮುಚ್ಚಿದ ಮೇಲೆ ಡಿಕಾಕ್ಷನ್ ಇಳಿಯುವ ಸದ್ದನ್ನು ಕಿವಿಯಿಟ್ಟು ಕೇಳಿದ್ದೀರಾ? ಮೊದಲು ಬೇಗ ಬೇಗ. ಆಮೇಲೆ ಒಂದೊಂದೇ ಹನಿ, ಪಾತ್ರೆ ತುಂಬಿದಂತೆ ಸದ್ದು ಬದಲಾಗುತ್ತದೆ. ಒಗ್ಗರಣೆಯ ಸಾಸಿವೆ ಸಿಡಿಯುವುದು ನಿಂತ ಗಳಿಗೆಯನ್ನು ಕಣ್ಣು ಮುಚ್ಚಿಕೊಂಡೂ ಹೇಳಬಹುದು, ಕರಿಬೇವು ಹಾಕುವ ಹೊತ್ತು ಅದೇ. ಮನೆಯಲ್ಲಿ ಅಡುಗೆ ಮಾಡುವವರಿಗೆ ಕಿವಿಯೂ ಒಂದು ಸೌಟು. ಇನ್ನು ಮಳೆ. ಹೆಂಚಿನ ಮೇಲೆ ಬೀಳುವ ಮಳೆಗೆ ಒಂದು ದನಿ, ಕಂಗಿನ ಸೋಗೆಯ ಮೇಲೆ ಬೀಳುವ ಮಳೆಗೆ ಇನ್ನೊಂದು. ಮಳೆ ಬರುವ ಮೊದಲು ಪಕ್ಕದ ಗುಡ್ಡದ ಮೇಲೆ ಅದು ನಡೆದು ಬರುವುದು ಕೇಳುತ್ತದೆ. ಬಟ್ಟೆ ತೆಗೆಯಿರಿ ಎಂದು ಅಂಗಳಕ್ಕೆ ಓಡುವಷ್ಟು ಸಮಯ ಕೊಟ್ಟೇ ಅದು ಬರುತ್ತದೆ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಒಂದು ಹಳೆಯ ಸಂಗತಿ ನೆನಪಾಗುತ್ತದೆ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ಮನೆಯ ಒಂದು ಬಲ್ಬು ಉರಿಯುವಷ್ಟು ಶಕ್ತಿಯ ಸಣ್ಣ ಯಂತ್ರ. ದೇಶಕ್ಕೆಲ್ಲ ಬಳಕೆಯಾದ ಆಕಾಶವಾಣಿ ಎಂಬ ಹೆಸರು ಮೊದಲು ಆ ಮನೆಯ ನಿಲಯದ್ದು. ಸುಮಾರು 90 ವರ್ಷ ಆಯಿತು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ ಮಾತು ಅದು. ನಮ್ಮ ಜಗಲಿಗೂ ಅದು ಹಾಗೆಯೇ ಬಂತು.

ಕೊನೆಯ ಎರಡು ವರ್ಷ ಅಜ್ಜಿಗೆ ಕಿವಿ ಮಂದವಾಯಿತು. ರೇಡಿಯೊ ಎಷ್ಟು ದೊಡ್ಡದು ಮಾಡಿದರೂ ಮಾತು ಕಲಸಿಹೋಗುತ್ತದೆ ಎನ್ನುತ್ತಿದ್ದರು. ಆದರೂ ತಾಳಮದ್ದಳೆ ಇದ್ದ ರಾತ್ರಿ ಜಗಲಿಗೆ ಬಂದು ಕೂರುವುದನ್ನು ಬಿಡಲಿಲ್ಲ. ಮದ್ದಳೆಯ ಪೆಟ್ಟು ಗೊತ್ತಾಗುತ್ತಿತ್ತು. ಪದ ಮುಗಿದು ಅರ್ಥ ಶುರುವಾದ ಕೂಡಲೇ ನನ್ನ ಮೊಣಕೈ ತಟ್ಟುವರು. ನಾನು ಅವರ ಕಿವಿಯ ಹತ್ತಿರ ಬಾಯಿಟ್ಟು, ಅರ್ಥಧಾರಿ ಹೇಳಿದ್ದನ್ನು ನನಗೆ ಬಂದ ಹಾಗೆ ಹೇಳುತ್ತಿದ್ದೆ.

ಒಂದು ರಾತ್ರಿ ವಾಲಿವಧೆ. ತಾರೆಯ ಸರದಿ ಬಂತು. ಆ ದಿನ ತಾರೆಯ ಅರ್ಥ ಹೇಳಿದವರು ನಾಲ್ಕೇ ಮಾತಿನಲ್ಲಿ ಮುಗಿಸಿಬಿಟ್ಟರು. ನಾನೂ ಆ ನಾಲ್ಕು ಮಾತು ಹೇಳಿ ಸುಮ್ಮನಾದೆ. ಅಜ್ಜಿ ಕಾದರು. ಆಮೇಲೆ ಮತ್ತೆ ಮೊಣಕೈ ತಟ್ಟಿದರು.

“ಇನ್ನೂ ಹೇಳು ಮಗಾ. ತಾರೆ ಅಷ್ಟಕ್ಕೇ ನಿಲ್ಲಿಸುವವಳಲ್ಲ.”

ರೇಡಿಯೊದಲ್ಲಿ ಭಾಗವತರು ಆಗಲೇ ಮುಂದಿನ ಪದ ಎತ್ತಿದ್ದರು. ನಾನು ಕೈಯಲ್ಲಿದ್ದ ಅಡಿಕೆಯನ್ನು ಕೆಳಗಿಟ್ಟು, ಅಜ್ಜಿಯ ಕಿವಿಯ ಹತ್ತಿರ ಬಾಗಿ, ತಾರೆಯ ಮಾತನ್ನು ಮುಂದುವರಿಸಿದೆ.